ಪತ್ರ ಬರೆಯುವವನು ಓದಿದ 119ನೇ ಕೀರ್ತನೆ

ನನ್ನ ಕೆಲಸ ಪತ್ರ ಬರೆಯುವುದು. ಪ್ರೇಮಪತ್ರ ಅಲ್ಲ. ಖರೀದಿ ಪತ್ರ, ವಾಟ್ನಿ ಪತ್ರ, ಹಕ್ಕುಬಿಟ್ಟ ಪತ್ರ, ಬಾಡಿಗೆ ಕರಾರು. ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರಿಗೆ ಒಂದು ಟೇಬಲ್ಲು, ಈಗ ಅದರ ಮೇಲೊಂದು ಕಂಪ್ಯೂಟರ್. ಮೊದಲು ಅಪ್ಪ ಕೂರುತ್ತಿದ್ದ ಜಾಗ ಅದು. ಸದರಿ, ಷರತ್ತು, ನಿಬಂಧನೆ, ಚೆಕ್ಕುಬಂದಿ, ಸಾಕ್ಷಿದಾರರು, ಜಾಮೀನು: ಇಡೀ ದಿನ ಇವೇ ಪದಗಳ ಜೊತೆ ನನ್ನ ಒಡನಾಟ. ಇವನ್ನು ಯಾರೂ ಪ್ರೀತಿಯಿಂದ ಓದುವುದಿಲ್ಲ. ಸಹಿ ಹಾಕುವವರೇ ಓದುವುದಿಲ್ಲ. ‘ಎಲ್ಲಿ ಸಹಿ ಮಾಡ್ಲಿ ಹೇಳ್ರಿ’ ಅಂತಾರೆ, ಅಷ್ಟೇ.

ಹಾಗಾಗಿ ಬೈಬಲ್ಲಿನ 119ನೇ ಕೀರ್ತನೆ ನನಗೆ ತುಂಬಾ ವರ್ಷ ವಿಚಿತ್ರವಾಗಿಯೇ ಕಂಡಿತ್ತು. 176 ವಚನ. ಇಡೀ ಬೈಬಲ್ಲಿನಲ್ಲಿ ಇದಕ್ಕಿಂತ ಉದ್ದದ ಅಧ್ಯಾಯ ಇಲ್ಲ. ನೋಡಿದರೆ ಅದರ ತುಂಬಾ ನನ್ನ ಟೇಬಲ್ಲಿನ ಪದಗಳೇ: ಕಟ್ಟಳೆ, ನಿಯಮ, ನಿಬಂಧನೆ, ಆಜ್ಞೆ, ವಿಧಿ. ಆದರೆ ಬರೆದವನ ಧಾಟಿ ನೋಡಿ! ಜೇನುತುಪ್ಪಕ್ಕಿಂತ ಸಿಹಿ ಅನ್ನುತ್ತಾನೆ. ಮಧ್ಯರಾತ್ರಿ ಎದ್ದು ಸ್ತೋತ್ರ ಮಾಡುತ್ತೇನೆ ಅನ್ನುತ್ತಾನೆ. ದಿನಕ್ಕೆ ಏಳು ಸಲ ಹೊಗಳುತ್ತೇನೆ ಅನ್ನುತ್ತಾನೆ. ಪರದೇಶಿಯಾಗಿ ಇರುವ ಮನೆಯಲ್ಲಿ ನಿನ್ನ ನಿಬಂಧನೆಗಳೇ ನನಗೆ ಹಾಡು ಅಂತ 54ನೇ ವಚನದಲ್ಲಿ ಹೇಳುತ್ತಾನೆ. ನಿಬಂಧನೆಗಳನ್ನು ಹಾಡುವುದಾ? ನಾನು ಟೈಪ್ ಮಾಡಿದ ನಿಬಂಧನೆಗಳನ್ನು ಯಾರಾದರೂ ಆಫೀಸಿನ ಕಟ್ಟೆಯ ಮೇಲೆ ಕೂತು ಹಾಡಿದ್ದರೆ ಜನ ಅವನ ಮನೆಯವರಿಗೆ ಫೋನ್ ಮಾಡುತ್ತಿದ್ದರು.

ಅದರ ಕಟ್ಟಡ ಗೊತ್ತಿಲ್ಲದವರಿಗೆ ಎರಡು ಮಾತು. ಹೀಬ್ರೂ ಭಾಷೆಗೆ 22 ಅಕ್ಷರ. ಒಂದೊಂದು ಅಕ್ಷರಕ್ಕೂ ಎಂಟೆಂಟು ವಚನ, ಎಂಟೂ ಅದೇ ಅಕ್ಷರದಿಂದಲೇ ಶುರು. ನಮ್ಮಲ್ಲಿ ‘ಅ’ದಿಂದ ಎಂಟು ಸಾಲು, ‘ಆ’ದಿಂದ ಎಂಟು ಸಾಲು ಅಂತ ಹಳಗನ್ನಡದ ಪಂಡಿತರೊಬ್ಬರು ಹಟ ಹಿಡಿದು ಬರೆದಂತೆ. ಅದರ ಮೇಲೆ, ದೇವರ ಮಾತಿಗೆ ಎಂಟು ಹೆಸರು: ತೋರಾ (ಧರ್ಮಶಾಸ್ತ್ರ), ಏದೂತ್ (ಕಟ್ಟಳೆ), ಪಿಕ್ಕುದೀಮ್ (ನಿಯಮ), ಹುಕ್ಕೀಮ್ (ನಿಬಂಧನೆ), ಮಿತ್ಸ್ವೋತ್ (ಆಜ್ಞೆ), ಮಿಷ್ಪಾತೀಮ್ (ವಿಧಿ), ದಾವಾರ್ (ವಾಕ್ಯ), ಇಮ್ರಾ (ನುಡಿ). ಹೆಚ್ಚುಕಮ್ಮಿ ಪ್ರತಿಯೊಂದು ವಚನದಲ್ಲೂ ಇವುಗಳಲ್ಲಿ ಒಂದು ಬಂದೇ ಬರುತ್ತದೆ. ಕನ್ನಡದಲ್ಲಿ ಓದುವಾಗ ಅಕ್ಷರದ ಆಟ ಕೈತಪ್ಪುತ್ತದೆ. ಹೆಸರುಗಳು ಮಾತ್ರ ಉಳಿಯುತ್ತವೆ. ಸುಮ್ನೆ ಓಡಿಸಿಕೊಂಡು ಓದಿದರೆ ಹೇಳಿದ್ದನ್ನೇ ಹೇಳಿದಂತೆ ಅನಿಸುತ್ತದೆ.

ಹಾಗೆ ಅನಿಸಿದವರಲ್ಲಿ ನಾವೇ ಮೊದಲಿಗರೇನಲ್ಲ. ಸಂತ ಅಗಸ್ಟೀನ್ ಉಳಿದ ಕೀರ್ತನೆಗಳಿಗೆಲ್ಲ ವ್ಯಾಖ್ಯಾನ ಮಾಡಿ ಮುಗಿಸಿದರೂ ಇದೊಂದನ್ನು ಮುಂದಕ್ಕೆ ಹಾಕುತ್ತಲೇ ಬಂದರು. ಮೇಲೆ ನೋಡಿದರೆ ಸಲೀಸಾಗಿ ಕಾಣುತ್ತದೆ, ಅದಕ್ಕೇ ಇದರ ಆಳ ಎಷ್ಟು ಅಂತ ತೋರಿಸುವುದು ಕಷ್ಟ ಎನ್ನುವ ಅರ್ಥದ ಮಾತು ಹೇಳಿ ಕೊನೆಗೆ ಶುರು ಮಾಡಿದರು. ಬೋನ್‌ಹಾಫರ್ ಅನ್ನುವ ಜರ್ಮನ್ ಪಾದ್ರಿ ಕೂಡ ಎರಡನೇ ಮಹಾಯುದ್ಧದ ಹೊತ್ತಿಗೆ ಇದರ ಮೇಲೆ ಬರೆಯಲು ಕೂತರು. ಅದು ಅರ್ಧಕ್ಕೇ ನಿಂತಿತು.

ಕನ್ನಡದವರಿಗೆ ಈ ಪದಗಳು ಸಿಕ್ಕ ದಾರಿ ನಮ್ಮ ಬಳ್ಳಾರಿಯ ಮೂಲಕ ಬಂದದ್ದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ಅಲ್ಲಿ ಕೂತು 1831ರ ಹೊತ್ತಿಗೆ ಇಡೀ ಬೈಬಲ್ಲನ್ನು ಕನ್ನಡಕ್ಕೆ ತಂದರು. ಆಮೇಲೆ ಬಾಸೆಲ್ ಮಿಷನ್ನಿನವರೂ ಕೈ ಹಾಕಿ ತಿದ್ದಿದರು. ಒಂದೇ ವಸ್ತುವಿಗೆ ಎಂಟು ಕನ್ನಡ ಪದ ಹುಡುಕಬೇಕು, ಅದೂ 176 ವಚನದ ತುಂಬಾ ಹೊಂದಬೇಕು. ನಾನು ಚೆಕ್ಕುಬಂದಿ ಬರೆಯುವಾಗ ‘ಪೂರ್ವಕ್ಕೆ’ ಅನ್ನುವುದಕ್ಕೆ ಇನ್ನೊಂದು ಪದ ಹುಡುಕಿದವನಲ್ಲ. ಆ ಮನುಷ್ಯರ ತಾಳ್ಮೆಗೆ ಕೈ ಮುಗಿಯಬೇಕು.

ಚಿಕ್ಕಂದಿನಲ್ಲಿ ನನಗೆ ಗೊತ್ತಿದ್ದದ್ದು ‘ಆಜ್ಞೆ’ ಒಂದೇ. ಹತ್ತು ಆಜ್ಞೆ ಬಾಯಿಪಾಠ. ಸಂಡೇ ಸ್ಕೂಲಿನಲ್ಲಿ ಸಾಲಾಗಿ ನಿಲ್ಲಿಸಿ ಕೇಳುತ್ತಿದ್ದರು. ನನ್ನ ಪಾಲಿಗೆ ಐದನೆಯದು ಬಂದರೆ ಬಚಾವು, ಹತ್ತನೆಯದು ಬಂದರೆ ಉದ್ದ: ನೆರೆಯವನ ಮನೆ, ಹೆಂಡತಿ, ಎತ್ತು, ಕತ್ತೆ ಎಲ್ಲ ಕ್ರಮವಾಗಿ ಹೇಳಬೇಕು. ದೇವರ ಮಾತು ಅಂದರೆ ಬೆತ್ತ ಹಿಡಿದು ನಿಂತಿರುವ ಯಾರೋ ಅನ್ನುವ ಭಾವನೆ ಅಲ್ಲಿಂದಲೇ ಬಂತು. ತಪ್ಪು ಅಂತಲೂ ಹೇಳಲಾರೆ. ಬೆತ್ತದ ಭಯವೂ ಒಂದು ವಯಸ್ಸಿಗೆ ಬೇಕಾಗುತ್ತದೆ.

‘ಧರ್ಮಶಾಸ್ತ್ರ’ ಅಂತೂ ಇನ್ನೂ ಭಾರದ ಪದ. ಕೀರ್ತನೆಯಲ್ಲಿ 25 ಸಲ ಬರುತ್ತದೆ, ಹೀಬ್ರೂವಿನಲ್ಲಿ ತೋರಾ. ಮೊದಲು ಕೇಳಿದಾಗ ದಪ್ಪ ರಟ್ಟಿನ ಕಾನೂನು ಪುಸ್ತಕಗಳ ಕಪಾಟು ಕಣ್ಣಿಗೆ ಬರುತ್ತಿತ್ತು. ಆ ಕಪಾಟನ್ನು ಒಡೆದದ್ದು ಬೈಬಲ್ಲಿನದೇ ಜ್ಞಾನೋಕ್ತಿಗಳ ಪುಸ್ತಕದ ಒಂದು ವಚನ. ಮೊದಲನೇ ಅಧ್ಯಾಯದ ಎಂಟನೇ ವಚನ: ಮಗನೇ, ತಂದೆಯ ಉಪದೇಶ ಕೇಳು, ತಾಯಿಯ ಬೋಧನೆ ಬಿಡಬೇಡ. ಆ ‘ತಾಯಿಯ ಬೋಧನೆ’ ಮೂಲದಲ್ಲಿ ತಾಯಿಯ ತೋರಾ. ಮೋಶೆಯ ಧರ್ಮಶಾಸ್ತ್ರಕ್ಕೂ ಮನೆಯಲ್ಲಿ ಅವ್ವ ಹೇಳುವ ಬುದ್ಧಿಮಾತಿಗೂ ಒಂದೇ ಪದ.

ನಮ್ಮ ಅವ್ವ ನಾಲ್ಕನೇ ಇಯತ್ತೆವರೆಗೆ ಕಲಿತವಳು. ಸಂಜೆ ಪ್ರಾರ್ಥನೆಗೆ ಬೈಬಲ್ ತೆಗೆದರೆ ಸಾಲಿನ ಕೆಳಗೆ ಬೆರಳಿಟ್ಟು ಓದುವಳು. ಒತ್ತಕ್ಷರ ಬಂದಲ್ಲಿ ಬೆರಳು ನಿಲ್ಲುತ್ತಿತ್ತು, ತುಟಿ ಮಾತ್ರ ಎರಡು ಸಲ ಅಲ್ಲಾಡುತ್ತಿತ್ತು, ಆಮೇಲೆ ಪದ ಜೋರಾಗಿ ಹೊರಗೆ ಬರುತ್ತಿತ್ತು. ‘ನೆಬೂಕದ್ನೆಚ್ಚರ’ ಬಂದರೆ ಮಾತ್ರ ‘ಆ ರಾಜ’ ಅಂತ ಹೇಳಿ ದಾಟಿಬಿಡುವಳು. ಆದರೆ ಅವಳ ನಿಜವಾದ ಓದು ಒಲೆಯ ಮುಂದೆ. ರೊಟ್ಟಿ ತಟ್ಟುತ್ತಾ ಇರುವಾಗ ನಾನು ಮತ್ತು ತಂಗಿ ಜಗಳ ತೆಗೆದು ಬೈದಾಡಿದರೆ ತಿರುಗಿಯೂ ನೋಡದೆ ಹೇಳುವಳು: ‘ಬಾಯಿಗೆ ಕಾವಲು ಇಲ್ಲೇನು ನಿಂಗ?’ ಅದು 141ನೇ ಕೀರ್ತನೆಯ ಮೂರನೇ ವಚನ, ನನ್ನ ಬಾಯಿಗೆ ಕಾವಲಿಡು ಅನ್ನುವ ಪ್ರಾರ್ಥನೆ. ನಮಗೆ ಅದು ವಚನ ಅಂತ ಗೊತ್ತಾದದ್ದೇ ಎಷ್ಟೋ ವರ್ಷದ ಮೇಲೆ. ಅಲ್ಲಿಯವರೆಗೂ ಅವ್ವನ ಬೈಗುಳ ಅಂದುಕೊಂಡಿದ್ದೆವು. ‘ಧರ್ಮಶಾಸ್ತ್ರ’ ಅಂತ ಓದುವಾಗ ಈಗ ನನಗೆ ಕೇಳಿಸುವುದು ಆ ದನಿ. ‘ನಿನ್ನ ಧರ್ಮಶಾಸ್ತ್ರ ನನಗೆ ಎಷ್ಟೋ ಪ್ರಿಯ’ ಅಂತ 97ನೇ ವಚನದಲ್ಲಿ ಆತ ಹೇಳುವಾಗ ಅತಿಯಾಯಿತು ಅಂತ ಅನಿಸುವುದಿಲ್ಲ.

ಏದೂತ್ ವಿಷಯ ನನ್ನ ಕಸುಬಿಗೆ ಹತ್ತಿರ. ಕನ್ನಡದಲ್ಲಿ ಅದನ್ನು ‘ಕಟ್ಟಳೆ’ ಅಂತ ಓದುತ್ತೇವೆ, ಬೇರಿನಲ್ಲಿ ಇರುವುದು ‘ಸಾಕ್ಷಿ’. ಪತ್ರದಲ್ಲಿ ಸಾಕ್ಷಿದಾರನ ಜಾಗ ಎಲ್ಲಿ ಅಂತ ಎಲ್ಲರಿಗೂ ಗೊತ್ತು: ಕಟ್ಟಕಡೆಗೆ. ಚಹಾ ಅಂಗಡಿಯಲ್ಲಿ ಕೂತವರನ್ನು ‘ಬಾರೋ, ಒಂದು ಸಹಿ ಹಾಕು’ ಅಂತ ಕರೆದುಕೊಂಡು ಬರುತ್ತಾರೆ. ಆದರೆ ಹತ್ತು ವರ್ಷದ ಮೇಲೆ ವ್ಯಾಜ್ಯ ಎದ್ದಾಗ ಕೋರ್ಟು ಹುಡುಕುವುದು ಆ ಕಡೆಯ ಸಹಿಯ ಮನುಷ್ಯನನ್ನೇ. ಪತ್ರ ಮಾತಾಡುವುದಿಲ್ಲ, ಅವನು ಬಂದು ಮಾತಾಡಬೇಕು. ದೇವರ ಮಾತನ್ನು ಸಾಕ್ಷಿ ಅಂತ ಕರೆದವನಿಗೆ ಇದು ಗೊತ್ತಿತ್ತು ಅಂತ ನನ್ನ ನಂಬಿಕೆ. ಕರೆದರೆ ಎದ್ದು ಬಂದು ನಿಲ್ಲುವ ಮಾತು.

ಉಳಿದವುಗಳಲ್ಲಿ ‘ಹುಕ್ಕೀಮ್’ ಅಂದರೆ ಕೊರೆದದ್ದು, ಕಲ್ಲಿನಲ್ಲಿ ಕೆತ್ತಿದ್ದು. ಊರೂರಿಗೂ ಶಾಸನ ಇರುವ ನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ‘ಪಿಕ್ಕುದೀಮ್’ ಕೀರ್ತನೆಗಳ ಪುಸ್ತಕ ಬಿಟ್ಟರೆ ಬೈಬಲ್ಲಿನಲ್ಲಿ ಇನ್ನೆಲ್ಲೂ ಬರುವುದಿಲ್ಲ. ಅದರ ಬಗ್ಗೆ ನನಗೆ ಹೇಳಲು ಜಾಸ್ತಿ ಏನಿಲ್ಲ.

ಸಾಕ್ಷಿಯ ಮಾತು ಬಂತಲ್ಲ, ಬೈಬಲ್ಲಿನಲ್ಲಿ ಒಂದು ಅಪ್ಪಟ ಖರೀದಿ ಪತ್ರವೇ ಇದೆ. ಪ್ರವಾದಿ ಯೆರೆಮೀಯನ ಪುಸ್ತಕದ 32ನೇ ಅಧ್ಯಾಯ. ಬಾಬೆಲಿನ ಸೈನ್ಯ ಜೆರುಸಲೇಮನ್ನು ಮುತ್ತಿದೆ. ಯೆರೆಮೀಯ ಸೆರೆಯಲ್ಲಿದ್ದಾನೆ. ಅಂಥ ಹೊತ್ತಲ್ಲಿ ಅವನ ಚಿಕ್ಕಪ್ಪನ ಮಗ ಹನಮೇಲ ಬಂದು ಅನಾತೋತಿನ ಹೊಲ ಕೊಂಡುಕೋ ಅನ್ನುತ್ತಾನೆ. ಇವತ್ತು ಯಾರಾದರೂ ನನ್ನ ಟೇಬಲ್ಲಿಗೆ ಬಂದು ಶತ್ರುಗಳ ಕೈಸೇರುತ್ತಿರುವ ಹೊಲ ಖರೀದಿ ಹಾಕಬೇಕು ಅಂದರೆ ಕೂರಿಸಿ ನೀರು ಕೊಟ್ಟು ಮನೆಗೆ ಕಳಿಸುತ್ತೇನೆ. ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಗಿ ಕೊಡುತ್ತಾನೆ. ಪತ್ರಕ್ಕೆ ಸಹಿ, ಮುದ್ರೆ. ಸಾಕ್ಷಿಗಳ ಸಹಿ. ಎರಡು ಪ್ರತಿ: ಒಂದು ಮುಚ್ಚಿ ಮುದ್ರೆ ಹಾಕಿದ್ದು, ಇನ್ನೊಂದು ತೆರೆದದ್ದು. ಎರಡನ್ನೂ ಬರಹಗಾರ ಬಾರೂಕನ ಕೈಗೆ ಕೊಟ್ಟು, ಬಹಳ ದಿನ ಉಳಿಯುವಂತೆ ಮಣ್ಣಿನ ಗಡಿಗೆಯಲ್ಲಿ ಇಡು ಅನ್ನುತ್ತಾನೆ. ಈ ನಾಡಿನಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟ ಕೊಳ್ಳುವ ಕಾಲ ಬರುತ್ತದೆ ಅನ್ನುವ ದೇವರ ಮಾತಿಗೆ ಆ ಖರೀದಿ ಪತ್ರವೇ ಗುರುತು. ಎಷ್ಟು ಅಚ್ಚುಕಟ್ಟಾಗಿ ವಿಧಿವಿಧಾನ ಹೇಳಿದ್ದಾರೆಂದರೆ, ಈ ಅಧ್ಯಾಯ ಓದುವಾಗ ನನಗೆ ನೋಂದಣಿ ಶುಲ್ಕ ಎಷ್ಟಾಗಿರಬಹುದು ಅಂತ ಯೋಚನೆ ಬರುತ್ತದೆ. ಚಟ, ಏನು ಮಾಡುವುದು.

ಆ ಬಾರೂಕ ನನಗೆ ಇಷ್ಟದ ಮನುಷ್ಯ. ನಾಲ್ಕು ಅಧ್ಯಾಯ ಮುಂದೆ ಹೋದರೆ ಅವನು ಮತ್ತೆ ಸಿಗುತ್ತಾನೆ. ಯೆರೆಮೀಯ ಹೇಳುತ್ತಾ ಹೋದ, ಇವನು ಸುರುಳಿಯಲ್ಲಿ ಬರೆದ. ಅಧಿಕಾರಿಗಳು ಕರೆದು ‘ಇದನ್ನೆಲ್ಲ ಹೇಗೆ ಬರೆದೆ?’ ಅಂತ ವಿಚಾರಿಸಿದರೆ ಅವನ ಉತ್ತರ ಚಿಕ್ಕದು: ಅವನು ಬಾಯಿಬಿಟ್ಟು ಹೇಳಿದ, ನಾನು ಮಸಿಯಿಂದ ಬರೆದೆ. ಎಲ್ಲ ಬರಹಗಾರರೂ ಕೊಡುವ ಹೇಳಿಕೆ ಅದೇ! ಸುರುಳಿ ರಾಜ ಯೆಹೋಯಾಕೀಮನ ಹತ್ತಿರ ಹೋಯಿತು. ಚಳಿಗಾಲ. ಅವನ ಮುಂದೆ ಅಗ್ಗಿಷ್ಟಿಕೆ ಉರಿಯುತ್ತಿತ್ತು. ಮೂರು ನಾಲ್ಕು ಅಂಕಣ ಓದಿದ ಹಾಗೆಲ್ಲ ರಾಜ ಅಷ್ಟನ್ನು ಕತ್ತರಿಸಿ ಬೆಂಕಿಗೆ ಹಾಕಿದ. ಕತ್ತರಿಸಿದ್ದು ಯಾವುದರಿಂದ? ಬರಹಗಾರನ ಚಾಕುವಿನಿಂದ. ಲೇಖನಿ ಕೆತ್ತುವ ಚಾಕು. ಬರೆಯಲು ಇಟ್ಟುಕೊಂಡ ಸಲಕರಣೆಯಿಂದಲೇ ಬರೆದದ್ದನ್ನು ಕೊಯ್ದ. ಆಮೇಲೆ ಯೆರೆಮೀಯ ಇನ್ನೊಂದು ಸುರುಳಿ ತರಿಸಿದ, ಬಾರೂಕ ಮತ್ತೆ ಮೊದಲಿಂದ ಬರೆದ. ‘ಅಂಥ ಇನ್ನೂ ಅನೇಕ ಮಾತುಗಳು’ ಸೇರಿಕೊಂಡವು ಅಂತ ಅಧ್ಯಾಯ ಮುಗಿಯುತ್ತದೆ. ಸುಟ್ಟದ್ದಕ್ಕಿಂತ ಉದ್ದದ ಪ್ರತಿ.

ಅದೇ ಯೆರೆಮೀಯ ದೇವರ ಮಾತಿಗೆ ಬೆಂಕಿ ಅಂತಲೂ ಬಂಡೆ ಒಡೆಯುವ ಸುತ್ತಿಗೆ ಅಂತಲೂ ಹೇಳುತ್ತಾನೆ. ಇನ್ನೊಂದು ಕಡೆ, ನಿನ್ನ ಮಾತುಗಳು ಸಿಕ್ಕವು, ತಿಂದುಬಿಟ್ಟೆ ಅನ್ನುತ್ತಾನೆ. ಪ್ರವಾದಿ ಯೆಹೆಜ್ಕೇಲನೂ ಸುರುಳಿ ತಿಂದ, ಬಾಯಿಗೆ ಜೇನಿನ ಹಾಗಿತ್ತು. ಬೈಬಲ್ಲಿನ ಕೊನೆಯ ಪುಸ್ತಕ ಪ್ರಕಟನೆಯಲ್ಲಿ ಯೋಹಾನನೂ ತಿಂದ, ಆದರೆ ಬಾಯಿಗೆ ಸಿಹಿಯಾದದ್ದು ಹೊಟ್ಟೆಗೆ ಕಹಿಯಾಯಿತು. ಹೊಸ ಒಡಂಬಡಿಕೆಯಲ್ಲಿ ಇಬ್ರಿಯರಿಗೆ ಪತ್ರಿಕೆ ಬರೆದವನಿಗೆ ಅದು ಇಬ್ಬಾಯಿ ಕತ್ತಿ, ಪತ್ರಿಕೆ ಬರೆದ ಯಾಕೋಬನಿಗೆ ಕನ್ನಡಿ. ಇದರಲ್ಲಿ ಹೊಟ್ಟೆಗೆ ಕಹಿ ಅನ್ನುವ ಮಾತನ್ನು ನಮ್ಮ ಪ್ರಸಂಗಗಳಲ್ಲಿ ಕೇಳುವುದು ಕಡಿಮೆ. ಆದರೆ ತೂಕದ ಮಾತು. ಭಾನುವಾರ ಕೇಳುವಾಗ ಚೆನ್ನಾಗಿರುತ್ತದೆ. ಸೋಮವಾರ ತಮ್ಮನ ಪಾಲಿನ ಗುಂಟೆ ಎರಡು ಗುಂಟೆ ಒಳಗೆ ಹಾಕಿಕೊಳ್ಳಲು ಬಂದವನೂ ಅದನ್ನೇ ಕೇಳಿದ್ದವನು. ಅವನ ಮುಖ ನೋಡಿದರೆ ಗೊತ್ತಾಗುತ್ತದೆ, ಒಳಗೆ ಏನೋ ತೊಳಸುತ್ತಿದೆ ಅಂತ.

ಅವ್ವ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ನನಗೆ ಈ ಹೆಸರುಗಳಲ್ಲಿ ಹೆಚ್ಚಿನವು ಹತ್ತಲಿಲ್ಲ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು 119ನೇ ಕೀರ್ತನೆ ತೆಗೆಯುತ್ತಿದ್ದೆ. ಬೇರೆ ಕಾರಣ ಇರಲಿಲ್ಲ, ಉದ್ದ ಇದೆ, ಹೊತ್ತು ಹೋಗುತ್ತದೆ ಅಂತ. ‘ನಿಯಮ’, ‘ವಿಧಿ’ ಬಂದಲ್ಲಿ ಕಣ್ಣು ಜಾರುತ್ತಿತ್ತು. ನಿಂತದ್ದು ಇಂಥಲ್ಲಿ: ದುಃಖದಿಂದ ನನ್ನ ಪ್ರಾಣ ಕರಗುತ್ತಿದೆ, ನಿನ್ನ ವಾಕ್ಯದ ಪ್ರಕಾರ ನನ್ನನ್ನು ಎತ್ತಿ ನಿಲ್ಲಿಸು. ಅದು 28. ನಿನ್ನ ನುಡಿಗಾಗಿ ಕಾದು ಕಾದು ನನ್ನ ಕಣ್ಣು ಸೋತವು, ಯಾವಾಗ ಸಂತೈಸುತ್ತೀ? ಅದು 82. ಅದರ ಮರುವಚನದಲ್ಲಿ ತನ್ನನ್ನು ಹೊಗೆಯಲ್ಲಿ ನೇತುಹಾಕಿದ ಬುದ್ದಲಿ ಅಂದುಕೊಳ್ಳುತ್ತಾನೆ. ಬುದ್ದಲಿ ಅಂದರೆ ಚರ್ಮದ ಚೀಲ. ಹೊಗೆಗೆ ಕಪ್ಪಾಗಿ, ಸುಕ್ಕಾಗಿ, ಗಡುಸಾಗಿ, ಇನ್ನು ಯಾವುದನ್ನೂ ತುಂಬಲು ಬಾರದ ಚೀಲ. ರಾತ್ರಿ ನಿದ್ದೆ ಇಲ್ಲದೆ ಆಸ್ಪತ್ರೆಯ ಶೌಚಾಲಯದ ಕನ್ನಡಿ ನೋಡಿಕೊಂಡ ಯಾರಿಗಾದರೂ ಆ ವಚನ ಅರ್ಥವಾಗುತ್ತದೆ.

ಆಗ ನಾನೊಂದು ಸಿದ್ಧಾಂತ ಮಾಡಿಕೊಂಡಿದ್ದೆ. ಸಂಕಟ ಬಂದಾಗ ಈ ಕವಿ ಕಾನೂನಿನ ಪದಗಳನ್ನು ಪಕ್ಕಕ್ಕಿಟ್ಟು ‘ವಾಕ್ಯ’, ‘ನುಡಿ’ ಅನ್ನುವ ಮಾತಾಡುವ ಪದಗಳನ್ನು ಹಿಡಿಯುತ್ತಾನೆ ಅಂತ. ಪೂರ್ತಿ ನಿಲ್ಲುವ ಸಿದ್ಧಾಂತ ಅಲ್ಲ. 92ನೇ ವಚನದಲ್ಲಿ, ನಿನ್ನ ಧರ್ಮಶಾಸ್ತ್ರ ನನಗೆ ಆನಂದ ಆಗಿರದಿದ್ದರೆ ಕಷ್ಟದಲ್ಲಿ ನಾಶವಾಗಿ ಹೋಗುತ್ತಿದ್ದೆ ಅನ್ನುತ್ತಾನೆ. ಅವನಿಗೆ ತೋರಾ ಕೂಡ ಮಾತಾಡುತ್ತಿತ್ತು ಅಂತ ಕಾಣುತ್ತದೆ. ನನಗೆ ಮಾತಾಡಿದ್ದು ಎರಡು.

ಆ ಬೆಂಚಿನ ಮೇಲೆ ಸಿಕ್ಕ ಇನ್ನೊಂದು ವಚನದ ಬಗ್ಗೆ ಹೇಳಲಿಕ್ಕೇ ಇಷ್ಟೆಲ್ಲ ಬರೆದದ್ದು. 122.

ಹಳೇ ಯೆಹೂದಿ ಪಂಡಿತರು ಒಂದೊಂದು ವಚನವನ್ನೂ ಎಣಿಸಿ ಇಟ್ಟವರು. ಇಡೀ ಕೀರ್ತನೆಯಲ್ಲಿ ದೇವರ ಮಾತಿನ ಹೆಸರು ಯಾವುದೂ ಬಾರದ ವಚನ ಇದೊಂದೇ ಅಂತ ಅವರ ಲೆಕ್ಕ. ಇನ್ನೂ ಕಟ್ಟುನಿಟ್ಟಾಗಿ ಎಣಿಸುವವರು ಒಂದೆರಡು ಸೇರಿಸುತ್ತಾರೆ. ಆದರೆ 122ರ ಬಗ್ಗೆ ಯಾರದೂ ತಕರಾರಿಲ್ಲ. ಕಟ್ಟಳೆ ಇಲ್ಲ, ನಿಬಂಧನೆ ಇಲ್ಲ, ವಾಕ್ಯವೂ ಇಲ್ಲ. ಅಲ್ಲಿರುವುದು ಒಂದು ಬೇಡಿಕೆ: ನಿನ್ನ ದಾಸನ ಹಿತಕ್ಕೆ ನೀನು ಹೊಣೆಯಾಗು, ಗರ್ವಿಷ್ಠರು ನನ್ನನ್ನು ತುಳಿಯದಿರಲಿ.

ಹೊಣೆ ಅಂದರೆ ನಮ್ಮ ಆಫೀಸಿನ ಭಾಷೆಯಲ್ಲಿ ಜಾಮೀನು. ನಮ್ಮ ಮನೆಯಲ್ಲಿ ಈ ಪದಕ್ಕೆ ಒಂದು ಚರಿತ್ರೆ ಇದೆ. ನಮ್ಮ ಕಾಕಾ ಪರಿಚಯದವರೊಬ್ಬರ ಸಾಲಕ್ಕೆ ಒಂದು ಸಹಕಾರಿ ಸಂಘದಲ್ಲಿ ಜಾಮೀನು ನಿಂತರು. ಸಾಲ ತೆಗೆದವನು ಊರು ಬಿಟ್ಟ. ನೋಟಿಸು ಬಂದದ್ದು ಕಾಕಾನ ಹೆಸರಿಗೆ. ಕೊನೆಗೆ ಎರಡು ಎಕರೆ ಎರಿ ಹೊಲ ಹೋಯಿತು, ಅದರ ಖರೀದಿ ಪತ್ರ ಬರೆದದ್ದು ನಮ್ಮ ಅಪ್ಪ. ಪತ್ರದಲ್ಲಿ ‘ಯಾರ ಒತ್ತಾಯವೂ ಇಲ್ಲದೆ ಸ್ವಖುಷಿಯಿಂದ’ ಅನ್ನುವ ಸಾಲು ಇರಲೇಬೇಕು. ಅಪ್ಪ ಅದನ್ನೂ ಬರೆದರು. ಅವತ್ತಿನಿಂದ ಮನೆಯಲ್ಲಿ ಒಂದೇ ಮಾತು: ಬೇಕಿದ್ದರೆ ಕೈಯಿಂದ ದುಡ್ಡು ಕೊಡು, ಜಾಮೀನು ಮಾತ್ರ ನಿಲ್ಲಬೇಡ.

ಬೈಬಲ್ಲೂ ಇದನ್ನೇ ಹೇಳುತ್ತದೆ ಅನ್ನುವುದು ಮಜಾ. ಜ್ಞಾನೋಕ್ತಿಗಳಲ್ಲಿ ಒಂದು ಕಡೆ ಅಲ್ಲ, ಎಷ್ಟೋ ಕಡೆ. ನೆರೆಯವನಿಗೆ ಹೊಣೆ ನಿಂತಿದ್ದರೆ ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವಂತೆ ತಪ್ಪಿಸಿಕೋ ಅನ್ನುತ್ತದೆ ಆರನೇ ಅಧ್ಯಾಯ. ತೀರಿಸಲು ನಿನ್ನ ಹತ್ತಿರ ಏನೂ ಇಲ್ಲದಿದ್ದರೆ ನಿನ್ನ ಕೆಳಗಿನ ಹಾಸಿಗೆಯನ್ನೂ ಎಳೆದುಕೊಂಡು ಹೋಗುತ್ತಾರೆ ಅನ್ನುತ್ತದೆ 22ನೇ ಅಧ್ಯಾಯ. ಅಪ್ಪ ಈ ವಚನಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ ಹಾಕಿಟ್ಟಿದ್ದಾರೆ.

ಅಂಥ ಪುಸ್ತಕದಲ್ಲೇ ಒಬ್ಬ ಎದ್ದು ನಿಂತು ದೇವರನ್ನು ಕೇಳುತ್ತಾನೆ, ನೀನು ನನಗೆ ಜಾಮೀನು ನಿಲ್ಲು ಅಂತ. ಬುದ್ಧಿ ಇದ್ದವರು ಯಾರೂ ಒಪ್ಪಬಾರದು ಅಂತ ಆ ಪುಸ್ತಕವೇ ಹೇಳಿದ ಕೆಲಸ! ಮೂಲದಲ್ಲಿ ಈ ಹೊಣೆಯ ಮಾತು ಬೇರೆ ಕಡೆಯೂ ಬರುತ್ತದೆ. ಬರಗಾಲದಲ್ಲಿ ಎರಡನೇ ಸಲ ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಧಾನ್ಯ ತರಲು ಹೊರಟಾಗ ಯೆಹೂದ ಅನ್ನುವವನು ತನ್ನ ತಂದೆ, ಮುದುಕ ಯಾಕೋಬನಿಗೆ ಹೇಳುತ್ತಾನೆ: ತಮ್ಮ ಬೆನ್ಯಾಮೀನನಿಗೆ ನಾನೇ ಹೊಣೆ, ಅವನನ್ನು ನನ್ನ ಕೈಯಿಂದಲೇ ಕೇಳಿ. ಹಿಂದೊಮ್ಮೆ ಇನ್ನೊಬ್ಬ ತಮ್ಮನನ್ನು ಮಾರಿಬಿಡೋಣ ಅಂದವನೂ ಇದೇ ಯೆಹೂದ. ಐಗುಪ್ತದಲ್ಲಿ ಬೆನ್ಯಾಮೀನ ಕಳ್ಳತನದ ಆರೋಪಕ್ಕೆ ಸಿಕ್ಕಿಬಿದ್ದಾಗ ಅವನ ಬದಲು ನನ್ನನ್ನು ಗುಲಾಮನಾಗಿ ಇಟ್ಟುಕೊಳ್ಳಿ ಅಂತ ಮುಂದೆ ಬರುತ್ತಾನೆ. ಜಾಮೀನು ನಿಂತದ್ದು ಕಾಗದದ ಮೇಲೆ ಉಳಿಯಲಿಲ್ಲ. ಇನ್ನೊಬ್ಬ ಹಿಜ್ಕೀಯ ರಾಜ, ಸಾಯುವಷ್ಟು ಕಾಯಿಲೆ ಬಿದ್ದವನು. ಕಣ್ಣು ಮೇಲೆ ನೋಡಿ ನೋಡಿ ಸೋತವು, ನನಗೆ ಹೊಣೆಯಾಗು ಅಂತ ಕೇಳುತ್ತಾನೆ. ಅದೂ ಹಾಸಿಗೆ ಹಿಡಿದವನ ಪ್ರಾರ್ಥನೆ. ಹೊಸ ಒಡಂಬಡಿಕೆಗೆ ಬಂದರೆ ಇಬ್ರಿಯರಿಗೆ ಬರೆದ ಪತ್ರಿಕೆ ಯೇಸುವನ್ನೇ ಹೊಣೆಗಾರ ಅಂತ ಕರೆಯುತ್ತದೆ. ಸಾಲ ನಮ್ಮದು, ನೋಟಿಸು ಅವನ ಹೆಸರಿಗೆ. ಕಾಕಾನ ಕಥೆ ಗೊತ್ತಿರುವ ಮನೆಯವರಿಗೆ ಆ ವಚನಕ್ಕೆ ವ್ಯಾಖ್ಯಾನ ಬೇಡ.

ಆದ್ದರಿಂದ 119ನೇ ಕೀರ್ತನೆಯನ್ನು ನಾನೀಗ ಒಂದು ದೊಡ್ಡ ಪತ್ರದಂತೆ ಓದುತ್ತೇನೆ. 121 ವಚನದ ತನಕ ಷರತ್ತುಗಳನ್ನೆಲ್ಲ ಪ್ರೀತಿಯಿಂದ ಒಪ್ಪುತ್ತಾ, ಹಾಡುತ್ತಾ, ಹೊಗಳುತ್ತಾ ಬಂದವನು ಒಂದು ವಚನದ ಮಟ್ಟಿಗೆ ಪತ್ರದಿಂದ ಕಣ್ಣೆತ್ತಿ ಎದುರು ಕೂತವನ ಮುಖ ನೋಡುತ್ತಾನೆ. ಈ ಪದಗಳ ಮೇಲೆಲ್ಲ ಅವನಿಗೆ ಅಷ್ಟು ಪ್ರೀತಿ ಏಕೆ ಅನ್ನುವ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದೇ. ಬರೆಸಿದವನು ಯಾರು ಅಂತ ಗೊತ್ತಿದ್ದರೆ ನಿಬಂಧನೆಯನ್ನೂ ಹಾಡಬಹುದು. ಅವ್ವ ಒಲೆಯ ಮುಂದೆ ಕೂತು ಹೇಳಿದ್ದು ಬೈಗುಳವಾಗಿಯೂ ಪ್ರೀತಿಯಾಗಿಯೂ ಕೇಳಿಸುತ್ತಿರಲಿಲ್ಲವಾ?

ಮರುವಚನಕ್ಕೆ ಪದಗಳು ವಾಪಸ್ ಬರುತ್ತವೆ. ಮೊದಲು ಬರುವುದು ‘ನುಡಿ’: ನಿನ್ನ ರಕ್ಷಣೆಗಾಗಿ, ನಿನ್ನ ನೀತಿಯ ನುಡಿಗಾಗಿ ಕಾದು ಕಣ್ಣು ಸೋತವು. ಆಮೇಲೆ ನಿಬಂಧನೆ, ಆಮೇಲೆ ಕಟ್ಟಳೆ. 126ಕ್ಕೆ ಬರುವಷ್ಟರಲ್ಲಿ ಅವನಿಗೆ ಎಲ್ಲಿಲ್ಲದ ಧೈರ್ಯ. ಜನ ನಿನ್ನ ಧರ್ಮಶಾಸ್ತ್ರ ಮುರಿದಿದ್ದಾರೆ, ಯೆಹೋವನೇ, ನೀನು ಕೆಲಸಕ್ಕೆ ಇಳಿಯುವ ಹೊತ್ತಾಯಿತು ಅಂತ ದೇವರಿಗೇ ಅರ್ಜಿ ಹಾಕುತ್ತಾನೆ. ಇಷ್ಟು ಚಿಕ್ಕದಾಗಿ, ಇಷ್ಟು ನೇರವಾಗಿ ಬರೆದ ಅರ್ಜಿ ನನ್ನ ಟೇಬಲ್ಲಿಗೆ ಇನ್ನೂ ಬಂದಿಲ್ಲ.